ನ್ಯೂಯಾರ್ಕ್‌ನಲ್ಲಿ ಸಸ್ಪೆಂಡ್, ಲೈಸೆನ್ಸ್ ನ್ಯೂಜೆರ್ಸಿಯದು. ಮಗ ಕಾರು ಓಡಿಸಬಹುದಾ?

ಎಡಿಸನ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಗಾಬರಿಯಲ್ಲಿ ಬರೀತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಮಗನಿಗೆ 20 ವರ್ಷ, ಲೈಸೆನ್ಸ್ ನ್ಯೂಜೆರ್ಸಿಯದು. ಹೋದ ವರ್ಷ ಫ್ಲಶಿಂಗ್ ಗಣೇಶನ ದೇವಸ್ಥಾನದಿಂದ ಬರುವಾಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸ್ಪೀಡಿಂಗ್ ಟಿಕೆಟ್ ಸಿಕ್ಕಿತ್ತಂತೆ. ನಮಗೆ ಹೇಳಿಲ್ಲ. ನ್ಯೂಯಾರ್ಕ್ ಡಿಎಂವಿಯಿಂದ (ಅಲ್ಲಿನ ಆರ್‌ಟಿಓ ಇದ್ದ ಹಾಗೆ) ಬಂದ ಲಕೋಟೆಗಳನ್ನೂ ನಾವು ನೋಡೋ ಮೊದಲೇ ಮೇಲ್‌ಬಾಕ್ಸಿನಿಂದ ತೆಗೆದು ಗ್ಲೋವ್ ಬಾಕ್ಸಿಗೆ ತುರುಕಿದ್ದಾನೆ. ಕ್ಯಾಂಟೀನ್ ದೋಸೆಯ ಟಿಶ್ಯೂ ಜೊತೆ ಮುದುರಿಕೊಂಡಿದ್ದವು, ಒಂದನ್ನೂ ಒಡೆದಿಲ್ಲ. ಹೋದ ಶುಕ್ರವಾರ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಹಿಕ್ಸ್‌ವಿಲ್ ಹತ್ತಿರ ಪೊಲೀಸರು ನಿಲ್ಲಿಸಿ, 511 ಅಂತ ಬರೆದ ಚೀಟಿ ಕೊಟ್ಟು, ಕಾರನ್ನು ಗೆಳೆಯನ ಕೈಲಿ ಓಡಿಸಿ ಕಳಿಸಿದ್ದಾರೆ. ಇವನು "ನಂದು ಜೆರ್ಸಿ ಲೈಸೆನ್ಸ್, ಅವರೇನು ಮಾಡ್ತಾರೆ" ಅಂತಾನೆ. ಮುಂದಿನ ವರ್ಷ 21 ತುಂಬುತ್ತೆ, ಎಚ್4ನಿಂದ (ನಮ್ಮ ಅವಲಂಬಿತ ವೀಸಾ) ಎಫ್1ಗೆ (ವಿದ್ಯಾರ್ಥಿ ವೀಸಾ) ಹೋಗಬೇಕು. ತೊಂದರೆ ಆಗುತ್ತಾ?

ಪಾರ್ಸಿಪ್ಪನಿ ಮಾವ:
ಏನೂ ಆಗಲ್ಲಮ್ಮ. ನಮ್ಮ ಪರಿಚಯದವರೊಬ್ಬರು ಪೆನ್ಸಿಲ್ವೇನಿಯಾಕ್ಕೆ ಮನೆ ಬದಲಿಸಿ ಹೊಸ ಲೈಸೆನ್ಸ್ ಮಾಡಿಸಿಕೊಂಡರು, ಎಲ್ಲ ಮರೆತುಹೋಯ್ತು.

ಹಾಸನದವ, ಈಗ ಆಲ್ಬನಿ:
ಮಾವ, ದಯವಿಟ್ಟು ಇಂಥ ಸಲಹೆ ಕೊಡಬೇಡಿ. ನ್ಯಾಷನಲ್ ಡ್ರೈವರ್ ರಿಜಿಸ್ಟರ್ ಅಂತ ಒಂದಿದೆ, ಸಸ್ಪೆಂಡ್ ಆದವರ ದೇಶವ್ಯಾಪಿ ಪಟ್ಟಿ, ಲೈಸೆನ್ಸ್ ಕೊಡೋ ಮುಂಚೆ ರಾಜ್ಯಗಳು ಅದರಲ್ಲಿ ಹುಡುಕುತ್ತವೆ. ಮೇಡಂ, ನ್ಯೂಯಾರ್ಕ್ ತಡೆದಿರೋದು ಜೆರ್ಸಿ ಕಾರ್ಡನ್ನಲ್ಲ, ನ್ಯೂಯಾರ್ಕ್ ರಸ್ತೆಯಲ್ಲಿ ಓಡಿಸೋ ಹಕ್ಕನ್ನು. ಜೇಬಿನಲ್ಲಿ ಯಾವ ರಾಜ್ಯದ ಕಾರ್ಡ್ ಇದ್ದರೂ ಅಷ್ಟೇ. 2021ರಿಂದ ದಂಡ ಕಟ್ಟಲಿಲ್ಲ ಅನ್ನೋ ಕಾರಣಕ್ಕೆ ಇಲ್ಲಿ ಸಸ್ಪೆಂಡ್ ಮಾಡಲ್ಲ, ಆದರೆ ಟಿಕೆಟ್‌ಗೆ ಉತ್ತರವನ್ನೇ ಕೊಡದಿದ್ದರೆ ಈಗಲೂ ಮಾಡ್ತಾರೆ. ಇವನದು ಅದೇ ಇರಬೇಕು. 511 ಅಂದ್ರೆ ಸಸ್ಪೆಂಡ್ ಆಗಿದ್ದರೂ ಓಡಿಸಿದ ಸೆಕ್ಷನ್. ಅದು ಮೂರನೇ ಡಿಗ್ರಿ ಆದರೆ ಮಿಸ್‌ಡಿಮೀನರ್, ಅಂದ್ರೆ ಸಣ್ಣ ಮಟ್ಟದ ಕ್ರೈಮ್, ಬರೀ ಟ್ರಾಫಿಕ್ ದಂಡ ಅಲ್ಲ. 200ರಿಂದ 500 ಡಾಲರ್ ದಂಡ, 30 ದಿನದವರೆಗೆ ಜೈಲಿಗೂ ಅವಕಾಶ ಇದೆ. ಮೊದಲು ಕ್ವೀನ್ಸ್ ಟಿಕೆಟ್‌ಗೆ ಉತ್ತರ ಕೊಡಿ, 70 ಡಾಲರ್ ಕಟ್ಟಿ ಸಸ್ಪೆನ್ಷನ್ ತೆಗೆಸಿ, ಆಮೇಲೆ ನ್ಯೂಯಾರ್ಕ್ ಡ್ರೈವಿಂಗ್ ಅಬ್‌ಸ್ಟ್ರಾಕ್ಟ್ (ಅವನ ಡ್ರೈವಿಂಗ್ ದಾಖಲೆಯ ಪ್ರತಿ) ತಗೊಳ್ಳಿ. ಅದನ್ನು ಕೈಲಿಟ್ಟುಕೊಂಡು ವಕೀಲರ ಜೊತೆ ಕೋರ್ಟಿಗೆ ಹೋದರೆ ಎಷ್ಟೋ ಸಲ 509ಕ್ಕೆ (ಲೈಸೆನ್ಸ್ ಇಲ್ಲದೆ ಓಡಿಸಿದ ಸೆಕ್ಷನ್) ಇಳಿಸ್ತಾರೆ, ಅದು ಕ್ರೈಮ್ ಅಲ್ಲ. ತಾರೀಖು ಮಾತ್ರ ತಪ್ಪಿಸಬೇಡಿ.

ಡಲ್ಲಾಸ್ ದಾವಣಗೆರೆ:
ಎಲ್ಲರೂ ಸೆಕ್ಷನ್ ಹೇಳ್ತಿದ್ದೀರಿ, ಮೂಲ ಯಾರೂ ಹೇಳ್ತಿಲ್ಲ. ಹದಿನೇಳು ತುಂಬೋದೇ ತಡ ಕಾರಿನ ಕೀ ಕೈಗೆ ಕೊಡ್ತೀವಿ, ಇನ್ಶೂರೆನ್ಸ್ ನಾವೇ ಕಟ್ತೀವಿ, ಪೆಟ್ರೋಲ್ ನಮ್ಮ ಕಾರ್ಡಲ್ಲೇ, ಕೊನೆಗೆ ಕಾಗದ ಒಡೆದು ನೋಡೋಕೂ ಅಮ್ಮನೇ ಬೇಕು. ನಾನು ಬಂದ ಹೊಸದರಲ್ಲಿ ಐಸ್ ಬಿದ್ದ ರಸ್ತೆಯಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗಿದ್ದೇನೆ. ನನ್ನ ಮಗಳು ಹೈಸ್ಕೂಲಲ್ಲೇ ಅಂಗಡಿಯಲ್ಲಿ ದುಡಿದು ಹಳೇ ಕೊರೊಲ್ಲಾ ತಗೊಂಡಳು, ಇವತ್ತಿನವರೆಗೆ ಒಂದು ಟಿಕೆಟ್ ಇಲ್ಲ. ಸಾಕುವ ರೀತಿ ಸರಿ ಇದ್ದರೆ 511 ಯಾಕೆ ಬರುತ್ತೆ ಹೇಳಿ?

ಎಡಿಸನ್ ಇನ್ನೊಬ್ಬಳು:
ಅಣ್ಣಾ, ಹೆಣ್ಣುಮಗು ಚಂದ ಓಡಿಸಿದ್ದಕ್ಕೆ ಸಂತೋಷ. ಆದರೆ ಅಕ್ಕ ಕೇಳಿದ್ದು ಅದನ್ನಲ್ಲ. ಜೆರ್ಸಿಯಲ್ಲಿ ಕಾರಿಲ್ಲದೆ ಕಾಲೇಜಿಗೆ ಹೇಗೆ ಹೋಗ್ತಾರೆ? ನನ್ನವನ ನಂಬರ್ ಪ್ಲೇಟಿಗೆ ಹೊಸ ಡ್ರೈವರ್ ಅಂತ ತೋರಿಸೋ ಕೆಂಪು ಸ್ಟಿಕರ್ ಅಂಟಿಸಿದ ದಿನ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ನಮ್ಮೂರಲ್ಲಿ ಇದ್ದಿದ್ದರೆ ಅಜ್ಜಿ ಮನೆ ಬಸ್ ಸ್ಟಾಪ್ ಎದುರೇ ಇತ್ತು. ಯಾಕೆ ಬಂದ್ವೋ ಅನ್ನಿಸುತ್ತೆ ಒಮ್ಮೊಮ್ಮೆ.

ಡಲ್ಲಾಸ್ ದಾವಣಗೆರೆ:
ಹಾಗನ್ನಿಸಿದವರು ವಾಪಸ್ ಹೋಗಲಿ. ಬಸ್ಸಿನ ಮಾತು ಬೇರೆ, ಶಿಸ್ತಿನ ಮಾತು ಬೇರೆ.

ಪಾರ್ಸಿಪ್ಪನಿ ಮಾವ:
ಶಿಸ್ತು ಅಂದ್ರೆ ನಮ್ಮ ಕಾಲದ್ದು. ಮೈಸೂರು ಆರ್‌ಟಿಓದಲ್ಲಿ ಎಂಟು ಹಾಕಿಸಿದ್ದರು ನನ್ನ ಕೈಲಿ. ಕೆಎ ಲೈಸೆನ್ಸ್ ಇದ್ರೆ ಕಾಸರಗೋಡಿಗೂ ಒಂದೇ, ಕಾಶ್ಮೀರಕ್ಕೂ ಒಂದೇ. ಈ ದೇಶದಲ್ಲಿ ಸೇತುವೆ ದಾಟಿದ್ರೆ ಕಾನೂನು ಬೇರೆ.

ಡಲ್ಲಾಸ್ ದಾವಣಗೆರೆ:
ಮಾವ, ಎಂಟು ಹಾಕಿದವರೇ ಬೆಂಗಳೂರಲ್ಲಿ ಒನ್‌ವೇಗೆ ನುಗ್ತಾರೆ.

ಎಡಿಸನ್ ಅಮ್ಮ:
ವಾಪಸ್ ಹೋಗೋ ಚರ್ಚೆ ಇನ್ನೊಂದು ದಿನ ಮಾಡೋಣ, ಅಲ್ವಾ? ಆಲ್ಬನಿಯವರೇ, ಕೋರ್ಟ್ ಮುಗಿಯೋ ತನಕ ಜೆರ್ಸಿ ಒಳಗೆ ಓಡಿಸಬಹುದಾ? ಎಫ್1 ವಿಷಯ?

ಹಾಸನದವ, ಈಗ ಆಲ್ಬನಿ:
ಊಹೆ ಮೇಲೆ ಓಡಿಸಬೇಡಿ. ಟಿಕೆಟ್‌ಗೆ ಉತ್ತರ ಕೊಡದವರ ಹೆಸರು ರಾಜ್ಯಗಳ ನಡುವಿನ ಒಪ್ಪಂದದಡಿ ಜೆರ್ಸಿಗೂ ಹೋಗಬಹುದು, ಆಗ ಅಲ್ಲೂ ಸಸ್ಪೆಂಡ್ ಆಗಿರುತ್ತೆ. ಜೆರ್ಸಿಯಲ್ಲಿ ಹಾಗೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 500 ಡಾಲರ್ ದಂಡ. ಎಂವಿಸಿಯಿಂದ (ಜೆರ್ಸಿಯ ಡಿಎಂವಿ) ಡ್ರೈವರ್ ಹಿಸ್ಟರಿ ತರಿಸಿ, 15 ಡಾಲರ್ ಅಷ್ಟೇ. ಇನ್ನು ಎಫ್1ಗೆ ಬದಲಾಗೋಕೆ ಹಾಕೋ ಐ-539 ಫಾರ್ಮಿನಲ್ಲಿ ಅರೆಸ್ಟ್ ಮತ್ತು ಶಿಕ್ಷೆ ಬಗ್ಗೆ ಪ್ರಶ್ನೆ ಇದೆ. ಕೋರ್ಟಲ್ಲಿ ಏನನ್ನಾದರೂ ಒಪ್ಪಿಕೊಳ್ಳೋ ಮೊದಲು ಇಮಿಗ್ರೇಷನ್ ವಕೀಲರಿಗೆ ಆ 511 ಚೀಟಿ ತೋರಿಸಿ. ಟ್ರಾಫಿಕ್ ವಕೀಲರಿಗೆ ವೀಸಾ ವಿಷಯ ತಿಳಿದಿರಬೇಕು ಅಂತೇನಿಲ್ಲ.

ಎಡಿಸನ್ ಅಮ್ಮ:
ಆಯ್ತು, ಇವತ್ತೇ ಮಾಡಿಸ್ತೀನಿ. ಲಾಂಗ್ ಐಲೆಂಡ್ ಕಡೆ ಒಳ್ಳೆ ವಕೀಲರು ಯಾರಿಗಾದರೂ ಗೊತ್ತಿದ್ರೆ ಪರ್ಸನಲ್ ಮೆಸೇಜ್ ಮಾಡಿ.

ಡಲ್ಲಾಸ್ ದಾವಣಗೆರೆ:
ಅದೆಲ್ಲ ಇರಲಿ ತಂಗಿ, ಕೀ ಕಿತ್ತುಕೊಂಡ್ಯಾ ಇಲ್ವಾ?