ಪೆಟ್ಟು ತಲೆಗೆ, ಸೋಂಕು ಎದೆಗೆ: ಯಾರ ತಪ್ಪು?

ಬೈಪಾಸ್ ಸವಾರ: ನಮ್ಮ ಕಾಕಾನ ಮಗ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ಬೈಕ್‌ನಿಂದ ಬಿದ್ದ. ತಲೆಗೆ ಪೆಟ್ಟು, ಮೂರು ಪಕ್ಕೆಲುಬು ಮುರಿದಿವೆ. ಐಸಿಯುನಲ್ಲಿ ವೆಂಟಿಲೇಟರ್ ಹಾಕಿದ್ದಾರೆ. ಐದನೇ ದಿನ ನ್ಯುಮೋನಿಯಾ ಅಂದರು. ಒಳಗೆ ಹೋಗುವಾಗ ಇಲ್ಲದ್ದು ಈಗ ಎಲ್ಲಿಂದ ಬಂತು? ಆಸ್ಪತ್ರೆಯವರದೇ ತಪ್ಪು ಅಂತ ಕಾಕಾ ಕೂಗಾಡುತ್ತಿದ್ದಾರೆ.

ಗದಗಿನ ಗಿರ್ಮಿಟ್: ಮತ್ತೇನ್ರೀ? ವಾರ್ಡ್ ಹೇಗಾದರೂ ಇರಲಿ, ಬಿಲ್ ಮಾತ್ರ ಚೊಕ್ಕ!

ನೈಟ್ ಡ್ಯೂಟಿ ಸಿಸ್ಟರ್: ಅಣ್ಣಾ, ಸ್ವಲ್ಪ ತಡೀರಿ. ಗಂಟಲಲ್ಲಿ ಕೊಳವೆ ಇದ್ದರೆ ಕೆಮ್ಮಲು ಆಗಲ್ಲ. ಕೊಳವೆಯ ಸುತ್ತ ಪುಟ್ಟ ಬಲೂನ್ ಇರುತ್ತದೆ. ಬಾಯಿಯ ಜೊಲ್ಲು ಅದರ ಮೇಲೆ ನಿಂತು, ಸಂದಿಯಿಂದ ಹನಿಹನಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೊಳವೆ ಹಾಕಿ 48 ಗಂಟೆ ಕಳೆದ ಮೇಲೆ ಬರುವ ನ್ಯುಮೋನಿಯಾಗೆ ನಾವು ವ್ಯಾಪ್ ಅಂತೀವಿ. ಅಪಘಾತದಲ್ಲಿ ಪ್ರಜ್ಞೆ ತಪ್ಪಿದವರಿಗೆ ರಸ್ತೆಯಲ್ಲೇ ವಾಂತಿ, ರಕ್ತ ಎದೆಗೆ ಇಳಿದಿರುವುದೂ ಉಂಟು.

ಗದಗಿನ ಗಿರ್ಮಿಟ್: ಅಂದ್ರೆ ಯಾರದ್ದೂ ತಪ್ಪಿಲ್ಲ ಅಂತೀರಾ? ನಮ್ಮ ಅಪ್ಪನನ್ನು ಒಂದು ಆಸ್ಪತ್ರೆಯಲ್ಲಿ ನಾಲ್ಕು ದಿನ ಅಂಗಾತ ಮಲಗಿಸಿದ್ದರು. ಕಣ್ಣಾರೆ ನೋಡಿದ್ದೇನೆ.

ನೈಟ್ ಡ್ಯೂಟಿ ಸಿಸ್ಟರ್: ಬೆನ್ನುಮೂಳೆಗೆ ಪೆಟ್ಟಾಗಿತ್ತಾ? ಹಾಗಿದ್ದರೆ ಸೊಂಟದಲ್ಲಿ ಬಗ್ಗಿಸುವಂತಿಲ್ಲ, ಇಡೀ ಮಂಚವನ್ನೇ ಓರೆ ಮಾಡಬೇಕು.

ಗದಗಿನ ಗಿರ್ಮಿಟ್: ಬೆನ್ನಿಗೆ ಏನೂ ಆಗಿರಲಿಲ್ಲ. ಹೊಟ್ಟೆಗೆ ಪೆಟ್ಟು.

ನೈಟ್ ಡ್ಯೂಟಿ ಸಿಸ್ಟರ್: ಹಾಗಾದರೆ ನಿಮ್ಮ ಸಿಟ್ಟು ಸರಿ. ತಲೆಕಡೆ 30ರಿಂದ 45 ಡಿಗ್ರಿ ಎತ್ತಿರಬೇಕಿತ್ತು. ದಿನಾ ಹಲ್ಲುಜ್ಜಬೇಕು. ಆದಷ್ಟು ಬೇಗ ಕೊಳವೆ ತೆಗೆಯಲು ನೋಡಬೇಕು. ಎಲ್ಲ ಮಾಡಿದರೂ ಕೆಲವರಿಗೆ ಬರುತ್ತದೆ, ಅದೇ ಬೇಜಾರು.

ಬ್ಯಾಡಗಿ ಖಾರ: ಮೊದಲ ದಿನವೇ ಆಂಟಿಬಯೋಟಿಕ್ ಕೊಟ್ಟುಬಿಟ್ಟರೆ ಮುಗೀತಲ್ವಾ?

ಪಿಜಿ ಹಾಸ್ಟೆಲ್: ಅರ್ಧ ಸರಿ. ಫ್ರಾನ್ಸ್‌ನಲ್ಲಿ ಮೆದುಳಿಗೆ ಹಾನಿಯಾದವರ ಮೇಲೆ ನೋಡಿದ್ದಾರೆ, 2024ರಲ್ಲಿ ಲ್ಯಾನ್ಸೆಟ್ ರೆಸ್ಪಿರೇಟರಿ ಮೆಡಿಸಿನ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೊಳವೆ ಹಾಕಿದ 12 ಗಂಟೆಯೊಳಗೆ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ 2 ಗ್ರಾಂ. ಮೊದಲ ವಾರದ ನ್ಯುಮೋನಿಯಾ ನೂರಕ್ಕೆ 32ರಿಂದ 14ಕ್ಕೆ ಇಳಿಯಿತು. ಆದರೆ ಒಂದೇ ಡೋಸ್! ಸುಮ್ನೆ ದಿನಾ ಚುಚ್ಚಿದರೆ ಅಸಿನೆಟೋಬ್ಯಾಕ್ಟರ್‌ನಂಥ, ಔಷಧಕ್ಕೆ ಬಗ್ಗದ ಮೊಂಡು ರೋಗಾಣುಗಳಿಗೆ ಹಬ್ಬ.

ಬೈಪಾಸ್ ಸವಾರ: ಅಕ್ಕಾ, ನಾವು ಮನೆಯವರು ಏನು ಮಾಡೋದು?

ನೈಟ್ ಡ್ಯೂಟಿ ಸಿಸ್ಟರ್: ಕೈ ತೊಳೆದು ಒಬ್ಬೊಬ್ಬರೇ ಹೋಗಿ. ಕೊಳವೆ ತೆಗೆಯಲು ನಿದ್ದೆ ಔಷಧ ಯಾವಾಗ ಇಳಿಸ್ತೀರಿ ಅಂತ ಕೇಳಿ. ತಲೆಯೊಳಗೆ ಒತ್ತಡ ಜಾಸ್ತಿ ಇದ್ದರೆ ತಡ ಆಗುತ್ತದೆ. ಕೊಳವೆ ತೆಗೆದ ಮೇಲೆ ಪಕ್ಕೆ ನೋವಿಗೆ ಸರಿಯಾಗಿ ಔಷಧ ಬೇಕು. ನೋವಿದ್ದರೆ ಹುಡುಗ ಕೆಮ್ಮೋದೇ ಇಲ್ಲ, ಕಫ ಒಳಗೇ ಉಳಿಯುತ್ತದೆ.

ಬೈಪಾಸ್ ಸವಾರ: ಈಗಷ್ಟೇ ನೋಡಿ ಬಂದೆ. ಮಂಚದ ಪಕ್ಕದ ಅಳತೆ 30ಕ್ಕೆ ಇದೆ. ಕಾಕಾನಿಗೂ ತೋರಿಸಿದೆ. ಕೂಗಾಟ ನಿಂತಿದೆ, ಸಿಟ್ಟು ಇನ್ನೂ ಇಳಿದಿಲ್ಲ.