ಓಡ್ತಾ ಓಡ್ತಾ ಗಾಡಿ ಆಫ್, ಅರ್ಧ ಗಂಟೆ ಬಿಟ್ಟು ತಾನೇ ಸ್ಟಾರ್ಟ್, ಏನಿದು?

ಕಲ್ಪತರು ಸವಾರ:

ಎಲ್ಲರಿಗೂ ನಮಸ್ಕಾರ. 2012ರ ಮಾಡೆಲ್ 150 ಸಿಸಿ ಗಾಡಿ ನಂದು, ಕಾರ್ಬೊರೇಟರ್ ಇರೋದು, 68 ಸಾವಿರ ಕಿಮೀ ಓಡಿದೆ. ದಿನಾ ತಿಪಟೂರಿಂದ ಅರಸೀಕೆರೆಗೆ ಹೋಗಿ ಬರ್ತೀನಿ, ಒಂದು ಕಡೆಗೆ 25 ಕಿಮೀ ಆಸುಪಾಸು. ಎರಡು ವಾರದಿಂದ ಒಂದೇ ಗೋಳು, ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತೆ, 15-20 ಕಿಮೀ ಚೆನ್ನಾಗೇ ಹೋಗುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಆಫ್. ಸೆಲ್ಫ್ ಹೊಡೆದ್ರೆ ಗರ್ರ್ ಅಂತ ಸುತ್ತುತ್ತೆ ಅಷ್ಟೇ, ಕಿಕ್ ಹೊಡೆದು ಹೊಡೆದು ಕಾಲು ಹೋಯ್ತು, ಸೆಕೆಂಡ್ ಗೇರಲ್ಲಿ ತಳ್ಳಿದ್ರೂ ಇಲ್ಲ. ಬೇಜಾರಾಗಿ ಅರ್ಧ ಗಂಟೆ ತೋಟದ ಬದಿ ನೆರಳಲ್ಲಿ ಕೂತು ಎದ್ದು ಬಂದು ಒಂದು ಕಿಕ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಟಾರ್ಟ್!

ಪ್ಲಗ್ ಹೊಸದು ಹಾಕಿಸಿದೆ, ಕಾರ್ಬೊರೇಟರ್ ಕ್ಲೀನ್ ಮಾಡಿಸಿದೆ, ಏರ್ ಫಿಲ್ಟರ್ ಚೇಂಜ್ ಆಯ್ತು. ಗ್ಯಾರೇಜಲ್ಲಿ ನಿಲ್ಲಿಸಿದ್ರೆ ಗಾಡಿ ಸರಿಯಾಗೇ ಇರುತ್ತೆ, ಅವ್ರು ನನ್ನೇ ಅನುಮಾನದಿಂದ ನೋಡ್ತಾರೆ. ಈಗ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸೋ ಎಲೆಕ್ಟ್ರಾನಿಕ್ ಡಬ್ಬಿ) ಹೋಗಿದೆ ಬದಲಾಯಿಸಿ ಅಂತಿದಾರೆ. ಗಾಡಿ ಮಾತ್ರ ಕಂಡೀಷನ್ನಲ್ಲಿದೆ, ಹೋದ ತಿಂಗಳು ಟ್ಯಾಪೆಟ್ (ಎಂಜಿನ್ ವಾಲ್ವ್ ಮೇಲಿನ ಗ್ಯಾಪ್ ಹೊಂದಿಸೋ ಸ್ಕ್ರೂ) ಸೌಂಡ್ ಜಾಸ್ತಿ ಅಂತ ಹೇಳಿ ಟೈಟ್ ಮಾಡಿಸಿದ್ದೆ, ಎಂಜಿನ್ ಈಗ ಹೊಸ ಗಾಡಿ ತರ ಸೈಲೆಂಟು. ಸಿಡಿಐಗೆ ದುಡ್ಡು ಹಾಕೋದಾ ಬೇಡ್ವಾ ಹೇಳಿ.

ಹಳ್ಳಿ ಹೈದ:

ಗುರು ತಪ್ಪು ತಿಳ್ಕೋಬೇಡ, ಕಿಲ್ ಸ್ವಿಚ್ ನೋಡಿದ್ಯಾ? ನಾನು ಒಂದ್ಸಲ ಮುಕ್ಕಾಲು ಕಿಮೀ ತಳ್ಕೊಂಡು ಹೋಗಿ ಪಂಕ್ಚರ್ ಅಂಗಡಿ ಹುಡುಗ ಅದನ್ನ ಟಕ್ ಅಂತ ಒತ್ತಿ ಸ್ಟಾರ್ಟ್ ಮಾಡಿ ಕೊಟ್ಟ, ಮುಖ ಎಲ್ಲಿಡ್ಬೇಕು ಗೊತ್ತಾಗ್ಲಿಲ್ಲ 😂

ಉಣಕಲ್ ಗೆಳೆಯ:

ನಂದೂ ಹಿಂಗ ಆಗಿತ್ರೀ. ಎಲ್ಲಾ ಬಿಟ್ಟು ಮೊದಲ ಟ್ಯಾಂಕ್ ಕ್ಯಾಪ್ ತಗದ್ ನೋಡ್ರಿ. ಕ್ಯಾಪಿನೊಳಗ ಗಾಳಿ ಹೋಗಾಕ ಸಣ್ಣ ತೂತ ಇರ್ತದ, ಅದು ಧೂಳಿಂದ ಕಟ್ಟಿದ್ರ ಪೆಟ್ರೋಲ್ ಇಳದಂಗೆಲ್ಲಾ ಟ್ಯಾಂಕ್ ಒಳಗ ಗಾಳಿ ಕಮ್ಮಿ ಆಗಿ ಪೆಟ್ರೋಲ್ ಕೆಳಗ ಬರೂದ ಬಂದ್ ಆಗ್ತದ. ಒಂದ್ ಅರ್ಧ ತಾಸು ನಿಂತ್ರ ಮತ್ತ ನಿಧಾನಕ ಗಾಳಿ ಹೊಕ್ಕು ಸರಿ ಆಗ್ತದ. ಗಾಡಿ ನಿಂತ ಕೂಡ್ಲೆ ಕ್ಯಾಪ್ ತಗೀರಿ, ಸುಸ್ ಅಂತ ಗಾಳಿ ಒಳಗ ಎಳಕೊಂಡ್ರ ಅದ ಕಾರಣ ಅಂತ ತಿಳೀರಿ. ನಾ ಸೂಜಿ ಹಾಕಿ ತೂತ ಬಿಚ್ಚಿದೆ, ಒಂದ್ ರೂಪಾಯಿ ಖರ್ಚಿಲ್ಲ.

ಮಳೆಗಾಲದ ಬೈಕು:

ನಾನು ಪುತ್ತೂರಿನವ. ಸಿಡಿಐಗೆ ಈಗಲೇ ಹಣ ಹಾಕ್ಬೇಡಿ ಮಾರಾಯ್ರೆ, ಅದು ಹಾಳಾಗುವುದು ಕಡಿಮೆ, ಹಾಳಾದ್ರೆ ಹೆಚ್ಚಾಗಿ ಪೂರ್ತಿ ಹೋಗ್ತದೆ. ನನ್ನದರಲ್ಲಿ ಪಲ್ಸರ್ ಕಾಯಿಲ್ ಹೋಗಿತ್ತು, ಮ್ಯಾಗ್ನೆಟ್ ಹತ್ತಿರ ಇದ್ದು ಕಿಡಿ ಯಾವಾಗ ಬಿಡ್ಬೇಕು ಅಂತ ಸಿಡಿಐಗೆ ಸಿಗ್ನಲ್ ಕೊಡ್ತದಲ್ಲ ಅದು. ತಣ್ಣಗಿರುವಾಗ ಮಲ್ಟಿಮೀಟರಲ್ಲಿ ಓಮ್ಸ್ ಸರಿ ತೋರಿಸ್ತಿತ್ತು, ಬಿಸಿ ಆದ ಮೇಲೆ ನೋಡಿದ್ರೆ ಓಪನ್, ಒಳಗೆ ತಂತಿ ಎಲ್ಲೋ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು ಕಾಣ್ತದೆ. ಗಾಡಿ ನಿಂತಲ್ಲೇ ಸ್ಪಾರ್ಕ್ ನೋಡಿ. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ತಣ್ಣಗಾಗಿ ಎಲ್ಲ ಸರಿ ಇರ್ತದೆ, ಮತ್ತೆ ಹುಡುಕುವುದು ಎಂತ? ಒಂದು ಹಳೇ ಪ್ಲಗ್ ಮತ್ತು ಪ್ಲಗ್ ಸ್ಪ್ಯಾನರ್ ಸೀಟಿನಡಿ ಇಟ್ಕೊಳ್ಳಿ. ಇಂಜೆಕ್ಷನ್ ಗಾಡಿ ಆಗಿದ್ರೆ ಕೀ ಆನ್ ಮಾಡಿದಾಗ ಪಂಪ್ ಗುಂಯ್ ಅನ್ನುವುದು ಕೇಳಿದ್ರೆ ಅರ್ಧ ಗೊತ್ತಾಗ್ತದೆ, ನಿಮ್ಮದರಲ್ಲಿ ಅದಿಲ್ಲ.

ಗ್ರೀಸ್ ಕೈ:

ಮೇಲಿನವ್ರು ಹೇಳಿದ್ದು ಎರಡೂ ಆಗೋ ಅಂಥದ್ದೇ. ಆದ್ರೆ ಬ್ರದರ್, ನೀವು ಕೊನೇಲಿ ಸುಮ್ನೆ ಹೇಳಿಬಿಟ್ರಲ್ಲ ಟ್ಯಾಪೆಟ್ ಟೈಟ್ ಮಾಡಿಸಿದೆ ಗಾಡಿ ಸೈಲೆಂಟ್ ಆಯ್ತು ಅಂತ, ನಂಗೆ ಕಣ್ಣು ನಿಂತಿದ್ದೇ ಅಲ್ಲಿ. ನಾನು 19 ವರ್ಷದಿಂದ ಗ್ಯಾರೇಜ್ ಕೆಲಸ ಮಾಡ್ತಿದೀನಿ, ಕಸ್ಟಮರ್ ಸೌಂಡ್ ಸೌಂಡ್ ಅಂತ ತಲೆ ತಿಂತಾರೆ, ಹುಡುಗ್ರು ಸ್ಪ್ಯಾನರ್ ತಗೊಂಡು ಒಂಚೂರು ಜಾಸ್ತಿ ಟೈಟ್ ಮಾಡಿ ಕಳಿಸ್ತಾರೆ, ಇಬ್ರಿಗೂ ಖುಷಿ.

ಮೊದ್ಲು ಒಂದು ಕೇಳ್ತೀನಿ, ಗಾಡಿ ಹೆಂಗೆ ಆಫ್ ಆಗುತ್ತೆ ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಲೈಟ್ ಸ್ವಿಚ್ ಆರಿಸಿದಂಗೆ ಟಪ್ ಅಂತ ಹೋದ್ರೆ ಕರೆಂಟ್ ಕಡೆ ತೊಂದ್ರೆ, ಅಂದ್ರೆ ಕಾಯಿಲ್, ವೈರು, ಕಿಲ್ ಸ್ವಿಚ್ಚು. ಕೆಮ್ಮಿ ಕೆಮ್ಮಿ ಎಳೆದೂ ಎಳೆದೂ ಹೋದ್ರೆ, ಚೋಕ್ ಎಳೆದಾಗ ಇನ್ನೊಂದು ಸ್ವಲ್ಪ ಬದುಕಿದ್ರೆ ಪೆಟ್ರೋಲ್ ಕಡೆ. ಇನ್ನೊಂದು ತರ ಇದೆ, ಪಿಕಪ್ ಸ್ವಲ್ಪ ಸ್ವಲ್ಪ ಬಿದ್ದಿರುತ್ತೆ ನಮಗೆ ಗೊತ್ತಾಗಿರಲ್ಲ, ಆಕ್ಸಿಲೇಟರ್ ಕೊಡ್ತಾ ಇರೋವರೆಗೂ ಓಡುತ್ತೆ, ಬಿಟ್ಟ ತಕ್ಷಣ ಐಡ್ಲಿಂಗ್ ನಿಲ್ಲದೆ ಆಫ್ ಆಗುತ್ತೆ. ಅದು ಕಂಪ್ರೆಷನ್ ತೊಂದ್ರೆ, ಅಂದ್ರೆ ಪಿಸ್ಟನ್ ಒತ್ತೋ ಗಾಳಿ ಎಲ್ಲೋ ಸೋರ್ತಿದೆ ಅಂತ.

ಮುಂದಿನ ಸಲ ನಿಂತಾಗ ಅಲ್ಲೇ ಇಷ್ಟು ನೋಡಿ. ಟ್ಯಾಂಕ್ ಕ್ಯಾಪ್ ತೆಗೀರಿ. ಕಾರ್ಬೊರೇಟರ್ ತಳದಲ್ಲಿ ಡ್ರೈನ್ ಸ್ಕ್ರೂ ಇದೆ, ಪಾರದರ್ಶಕ ಬಾಟ್ಲಿ ಹಿಡಿದು ಸ್ವಲ್ಪ ಲೂಸ್ ಮಾಡಿ, ಪೆಟ್ರೋಲ್ ಧಾರೆ ಬರ್ಬೇಕು, ಬಾಟ್ಲಿ ಅಡೀಲಿ ಗುಂಡು ಗುಂಡಾಗಿ ನೀರು ನಿಂತಿದ್ಯಾ ಅಂತಾನೂ ನೋಡಿ. ಸ್ಕ್ರೂ ವಾಪಸ್ ಟೈಟ್ ಮಾಡಿ, ಚೆಲ್ಲಿದ್ದೆಲ್ಲ ಒರೆಸಿ ಒಣಗಿದ ಮೇಲೆ ಸ್ಪಾರ್ಕ್ ನೋಡಿ, ಪೆಟ್ರೋಲ್ ವಾಸನೆ ಇರುವಾಗ ಬೇಡ. ಹಳೇ ಪ್ಲಗ್ಗನ್ನ ಕ್ಯಾಪಿಗೆ ಹಾಕಿ ಅದರ ಕಬ್ಬಿಣ ಎಂಜಿನ್ನಿಗೆ ಒತ್ತಿ ಹಿಡಿದೇ ಕಿಕ್ ಹೊಡೀಬೇಕು, ಗಾಳೀಲಿ ನೇತಾಡ್ಸಿ ಹೊಡೆದ್ರೆ ಸಿಡಿಐ ನಿಜವಾಗ್ಲೂ ಹೋಗುತ್ತೆ. ಒಳಗಿರೋ ಪ್ಲಗ್ ಬಿಚ್ಚೋದೇ ಬೇಡ. ಕೊನೆಗೆ ಇಗ್ನಿಷನ್ ಆಫ್ ಮಾಡಿ ಕಿಕ್ಕರನ್ನ ಕೈಯಲ್ಲೇ ನಿಧಾನಕ್ಕೆ ಒತ್ತಿ, ಕಂಪ್ರೆಷನ್ ಇದ್ರೆ ಗಟ್ಟಿಯಾಗಿ ತಡೆಯುತ್ತೆ. ಬೆಳಿಗ್ಗೆ ತಣ್ಣಗಿರುವಾಗಲೂ ಒಂದ್ಸಲ ಒತ್ತಿ ಹೆಂಗಿರುತ್ತೆ ಅಂತ ಕೈಗೆ ಗೊತ್ತು ಮಾಡಿಸ್ಕೊಂಡಿರಿ. ಕಿಕ್ಕರ್ ಇಳಿಯೋದೇ ಇಲ್ಲ ಅಂದ್ರೆ ಅದು ಸೀಜು (ಪಿಸ್ಟನ್ ಒಳಗೇ ಕಚ್ಕೊಂಡಿರೋದು), ಆಯಿಲ್ ನೋಡಿ, ಒದೀಬೇಡಿ.

ಕಲ್ಪತರು ಸವಾರ:

ಕಿಲ್ ಸ್ವಿಚ್ ನೋಡಿದೀನಿ ಗುರು, ಅಷ್ಟು ದಡ್ಡ ಅಲ್ಲ (ಮೊದಲನೇ ದಿನ ನೋಡಿರ್ಲಿಲ್ಲ, ನಿಜ ಹೇಳ್ಬೇಕಂದ್ರೆ).

ಗ್ರೀಸ್ ಕೈ ಅಣ್ಣ, ನೀವು ಕೇಳಿದ ಮೇಲೆ ಯೋಚನೆ ಮಾಡಿದೆ. ಇವತ್ತು ಬೇಕಂತಲೇ ಗಮನ ಇಟ್ಟು ಓಡಿಸಿದೆ. 18 ಕಿಮೀ ಆದ್ಮೇಲೆ ಏರಲ್ಲಿ ಯಾವಾಗ್ಲೂ ನಾಕನೇ ಗೇರಲ್ಲಿ ಹತ್ತೋದು ಮೂರಕ್ಕೆ ಇಳಿಸ್ಬೇಕಾಯ್ತು. ಮುಂದೆ ಕೊಬ್ಬರಿ ಲೋಡಿನ ಲಾರಿ ಸಿಕ್ತು, ಓವರ್‌ಟೇಕ್ ಆಗ್ದೆ ಆಕ್ಸಿಲೇಟರ್ ಬಿಟ್ಟು ಕ್ಲಚ್ ಹಿಡಿದೆ, ಅಲ್ಲೇ ಆಫ್. ಅಂದ್ರೆ ನಾನು ಇದ್ದಕ್ಕಿದ್ದಂಗೆ ಅಂತ ಬರೆದಿದ್ದು ಪೂರ್ತಿ ನಿಜ ಅಲ್ಲ.

ಕ್ಯಾಪ್ ತೆಗೆದೆ, ಸುಸ್ ಇಲ್ಲ. ಡ್ರೈನ್ ಲೂಸ್ ಮಾಡಿದೆ, ಪೆಟ್ರೋಲ್ ಚೆನ್ನಾಗಿ ಬಂತು, ನೀರಿಲ್ಲ. ಹಳೇ ಪ್ಲಗ್ಗಲ್ಲಿ ಸ್ಪಾರ್ಕ್ ಬಿಸಿಲಲ್ಲಿ ಕಾಣ್ಲಿಲ್ಲ, ಟವೆಲ್ ಮರೆ ಮಾಡಿ ನೋಡಿದ್ರೆ ನೀಲಿ ಕಿಡಿ, ಚಟ್ ಚಟ್ ಅಂತ ಶಬ್ದಾನೂ ಬಂತು. ಆಮೇಲೆ ಕೈಯಲ್ಲಿ ಕಿಕ್ಕರ್ ಒತ್ತಿದೆ ನೋಡಿ ಅಣ್ಣ, ಬೆಳಿಗ್ಗೆ ಅರ್ಧಕ್ಕೆ ಬಂದು ಗಟ್ಟಿಯಾಗಿ ತಡೀತಿತ್ತು, ನಾನು ಭಾರ ಹಾಕಿದ್ರೂ ಒಂದು ಕ್ಷಣ ನಿಂತು ಇಳೀತಿತ್ತು. ಈಗ ನೀರೊಳಗೆ ಕೈ ಆಡ್ಸಿದಂಗೆ ಸೀದಾ ಕೆಳಗೆ. ಸೈಲೆನ್ಸರ್ ಕಡೆಯಿಂದ ಸಣ್ಣಗೆ ಪುಸ್ ಅಂತಿತ್ತು. ಇಪ್ಪತ್ತೈದು ನಿಮಿಷ ಬಿಟ್ಟು ಒತ್ತಿದ್ರೆ ಮತ್ತೆ ಗಟ್ಟಿ, ಸ್ಟಾರ್ಟೂ ಆಯ್ತು.

ಗ್ರೀಸ್ ಕೈ:

ಪುಸ್ ಸೈಲೆನ್ಸರ್ ಕಡೆಯಿಂದ ಅಂದ್ರೆ ಎಕ್ಸಾಸ್ಟ್ ವಾಲ್ವ್ ಕೂರ್ತಿಲ್ಲ. ಬಿಸಿಗೆ ವಾಲ್ವ್ ಕಡ್ಡಿ ಉದ್ದ ಆಗುತ್ತೆ, ಅದಕ್ಕೇ ಅಂತ ಮೇಲೆ ಒಂಚೂರು ಗ್ಯಾಪ್ ಬಿಟ್ಟಿರ್ತಾರೆ, ನೀವು ಕೇಳ್ತಿದ್ದ ಟಿಕ್ ಟಿಕ್ ಆ ಗ್ಯಾಪಿಂದೇ. ಟ್ಯಾಪೆಟ್ ಜಾಸ್ತಿ ಟೈಟ್ ಮಾಡಿ ಗ್ಯಾಪ್ ಪೂರ್ತಿ ಮುಚ್ಚಿದ್ರೆ ಬಿಸಿಯಲ್ಲಿ ರಾಕರ್ (ವಾಲ್ವನ್ನ ಒತ್ತಿ ತೆರೆಯೋ ತೋಳು) ವಾಲ್ವನ್ನ ಒತ್ಕೊಂಡೇ ಇರುತ್ತೆ, ಬಾಗ್ಲು ಸಂದಿ ಬಿಟ್ಕೊಂಡಿದ್ದಂಗೆ, ಪಿಸ್ಟನ್ ಒತ್ತಿದ ಗಾಳಿಯೆಲ್ಲ ಆಚೆ. ವಾಲ್ವ್ ತನ್ನ ಬಿಸೀನ ಹೆಚ್ಚಾಗಿ ಸೀಟಿಗೆ (ಅದು ಕೂರೋ ಜಾಗಕ್ಕೆ) ತಾಗಿದಾಗಲೇ ದಾಟಿಸೋದು, ತಾಗದೇ ಇದ್ರೆ ಅಂಚು ಸುಡುತ್ತೆ, ಅದಕ್ಕೇ ಹಿಂಗೇ ಓಡಿಸ್ಬೇಡಿ.

ರಾತ್ರಿ ಪೂರ್ತಿ ತಣ್ಣಗಾದ ಗಾಡೀಲಿ, ಮ್ಯಾಗ್ನೆಟ್ ಮೇಲಿನ ಟಿ ಗುರುತು (ಪಿಸ್ಟನ್ ಪೂರ್ತಿ ಮೇಲೆ ಬಂದಿದೆ ಅಂತ ತೋರ್ಸೋದು) ಕೂಡ್ಸಿ, ಎರಡೂ ರಾಕರ್ ಲೂಸಾಗಿರೋ ಕಂಪ್ರೆಷನ್ ಸ್ಟ್ರೋಕಲ್ಲಿ, ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಬ್ಲೇಡು) ಹಾಕಿ ಸೆಟ್ ಮಾಡ್ಬೇಕು. ಅಳತೆ ನಿಮ್ಮ ಗಾಡಿ ಮ್ಯಾನ್ಯುಯಲ್ಲಲ್ಲಿ ಇರೋದೇ ಹಾಕಿ, ಒಂದೊಂದು ಗಾಡಿಗೂ ಬೇರೆ. ಕಿವೀಲಿ ಕೇಳಿ ಸೆಟ್ ಮಾಡ್ತೀನಿ ಅನ್ನೋವ್ರ ಹತ್ರ ಕೊಡ್ಬೇಡಿ.

ಕಲ್ಪತರು ಸವಾರ:

ಅಪ್‌ಡೇಟ್. ಬೇರೆ ಗ್ಯಾರೇಜಿಗೆ ಶನಿವಾರ ರಾತ್ರಿನೇ ಗಾಡಿ ಬಿಟ್ಟು ಭಾನುವಾರ ಬೆಳಿಗ್ಗೆ ಪಕ್ಕದಲ್ಲೇ ನಿಂತು ನೋಡಿದೆ. ಮ್ಯಾನ್ಯುಯಲ್ಲಲ್ಲಿ ಇನ್ಲೆಟ್ 0.05, ಎಕ್ಸಾಸ್ಟ್ 0.10 ಮಿಮೀ ಇತ್ತು. ಎಕ್ಸಾಸ್ಟಿಗೆ 0.05 ಬ್ಲೇಡೂ ತೂರಲಿಲ್ಲ, ತಣ್ಣಗಿರುವಾಗಲೇ! ಸೆಟ್ ಮಾಡಿ ಬ್ಲೇಡ್ ನನ್ನ ಕೈಗೇ ಕೊಟ್ರು, ಎಳೆದ್ರೆ ಬೆಣ್ಣೆ ಸವರಿದಂಗೆ ಒಂಚೂರು ಹಿಡಿದು ಜಾರುತ್ತೆ. ನೂರೈವತ್ತು ರೂಪಾಯಿ. ಸೋಮವಾರದಿಂದ ದಿನಾ ಹೋಗಿ ಬರ್ತಿದೀನಿ, ಒಂದ್ಸಲಾನೂ ನಿಂತಿಲ್ಲ, ಆ ಏರೂ ನಾಕರಲ್ಲೇ ಹತ್ತುತ್ತೆ. ಸೌಂಡ್ ವಾಪಸ್ ಬಂದಿದೆ, ನಮ್ಮಪ್ಪ ಹೊಲಿಗೆ ಮಿಷನ್ ಬಂತು ಅಂತಾರೆ.

ಉಣಕಲ್ ಗೆಳೆಯ:

ಭಾರಿ ಆತ್ರಿ. ಆದ್ರೂ ಕ್ಯಾಪಿನ ತೂತ ಒಮ್ಮೆ ಸ್ವಚ್ಛ ಮಾಡ್ರಿ 😄

ಗ್ರೀಸ್ ಕೈ:

ಈಗಿನ ಮೀಟರ್ ರೀಡಿಂಗ್ ಎಲ್ಲಾದ್ರೂ ಬರೆದಿಟ್ಕೊಳ್ಳಿ, 1000 ಕಿಮೀ ಆದ್ಮೇಲೆ ಇನ್ನೊಂದ್ಸಲ ಗ್ಯಾಪ್ ನೋಡಿಸಿ. ಹಂಗೇ ಇದ್ರೆ ಸರಿ. ಮತ್ತೆ ಕಮ್ಮಿ ಆಗಿದ್ರೆ ವಾಲ್ವ್ ಸೀಟಲ್ಲಿ ಇಳೀತಾ ಇದೆ ಅಂತ, ಆಗ ಎಂಜಿನ್ ಹೆಡ್ ಬಿಚ್ಚಲೇಬೇಕು.