ಕಾರಿನಲ್ಲಿ ಕಾಶಿಗೆ: ದಾರಿಯಲ್ಲಿ ಎಲ್ಲೆಲ್ಲಿ ತಡವಾಗುತ್ತದೆ?

ಕೇಳಿದವರು, ದಾವಣಗೆರೆ:
ಡಿಸೆಂಬರ್ ಕೊನೆಯ ವಾರ ಅಪ್ಪ, ಅಮ್ಮನನ್ನು ಕರೆದುಕೊಂಡು ಸ್ವಂತ ಕಾರಿನಲ್ಲಿ ಕಾಶಿಗೆ ಹೊರಡುವ ಯೋಚನೆಯಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ಹೈದರಾಬಾದ್, ನಾಗಪುರ, ಜಬಲ್ಪುರ, ರೀವಾ ಮಾರ್ಗ. ಸುಮಾರು 1,700 ಕಿಲೋಮೀಟರ್. ಮೊಬೈಲ್ ನಕ್ಷೆ ತೋರಿಸುವ ಗಂಟೆಗಳನ್ನು ನೋಡಿ ಮೂರು ದಿನ ಎಂದುಕೊಂಡಿದ್ದೇನೆ. ಸಾಕೇ? ಹೋಗಿ ಬಂದವರು ತಿಳಿಸಿ.

ಲಾರಿ ಓಡಿಸುವವರು, ಚಳ್ಳಕೆರೆ:
ಸರ್, ನಾಗಪುರದವರೆಗೆ ನಿಮ್ಮ ಲೆಕ್ಕ ಅಷ್ಟೇನೂ ಕೆಡುವುದಿಲ್ಲ. ಹೈದರಾಬಾದಿನಿಂದ 44ನೇ ರಾಷ್ಟ್ರೀಯ ಹೆದ್ದಾರಿ, ಅಗಲವಾದ ದಾರಿ. ಕೆಡುವುದು ನರ್ಮದೆ ದಾಟಿದ ಮೇಲೆ. ಇಲ್ಲಿ ನಾವು ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ಬಿಡುತ್ತೇವೆ. ಡಿಸೆಂಬರ್ ಕೊನೆಯಲ್ಲಿ, ಜನವರಿಯಲ್ಲಿ ಆ ರೂಢಿ ಅಲ್ಲಿ ನಡೆಯದು. ದಟ್ಟ ಮಂಜಿನಲ್ಲಿ ಮುಂದಿನ ಗಾಡಿಯ ಹಿಂಬದಿ ದೀಪ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಒತ್ತಲು ಜಾಗ ಉಳಿದಿರುವುದಿಲ್ಲ. ಕೆಲವು ದಿನ ಹತ್ತು ಗಂಟೆಯಾದರೂ ಮಂಜು ಹರಿಯುವುದಿಲ್ಲ.

ಸಂಜೆಯೂ ಅಷ್ಟೇ. ಕಾಶಿ ನಮಗೆ ಪೂರ್ವಕ್ಕೂ ಉತ್ತರಕ್ಕೂ ಇರುವುದರಿಂದ ಚಳಿಗಾಲದಲ್ಲಿ ಅಲ್ಲಿ ಐದೂಕಾಲರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ದಾವಣಗೆರೆಯಲ್ಲಿ ಆಗ ಇನ್ನೂ ಚೆನ್ನಾಗಿ ಬೆಳಕಿರುತ್ತದೆ. ಹತ್ತಕ್ಕೆ ಹೊರಟು ಐದಕ್ಕೆ ನಿಲ್ಲಿಸಿದರೆ ಕೈಗೆ ಸಿಗುವುದು ಏಳು ಗಂಟೆ. ಊಟ, ಡೀಸೆಲ್, ಹಿರಿಯರು ಕಾಲು ಚಾಚುವುದು ಎಲ್ಲವೂ ಅದರೊಳಗೇ. ಹಾಗಾಗಿ ಜಬಲ್ಪುರದಿಂದ ಮುಂದಕ್ಕೇ ಎರಡು ದಿನ ಇಟ್ಟುಕೊಳ್ಳಿ. ಮೈಹರ್‌ನಲ್ಲೋ ರೀವಾದಲ್ಲೋ ತಂಗಬಹುದು. ರೀವಾದಿಂದ ಪ್ರಯಾಗರಾಜ್ ಮೇಲೆ ಹೋಗುವುದಾದರೆ ಸಿಗುವ ಸೊಹಾಗಿ ಘಾಟ್ ರಸ್ತೆಯನ್ನು ಹಗಲಿನಲ್ಲೇ ಇಳಿಯಿರಿ.

ಗೃಹಿಣಿ, ದಾವಣಗೆರೆ:
ಚಳ್ಳಕೆರೆಯ ಅಣ್ಣ ಗಾಡಿಯ ಮಾತು ಹೇಳಿದರು, ಹೊಟ್ಟೆಯ ಮಾತು ಬಿಟ್ಟರು. ಮಾತ್ರೆ ನುಂಗಿಯೋ ಇನ್ಸುಲಿನ್ ತೆಗೆದುಕೊಂಡೋ ಊಟ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗಬಹುದು. ರಸ್ತೆಯಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ವೈದ್ಯರನ್ನು ಈಗಲೇ ಕೇಳಿಕೊಳ್ಳಿ. ಗ್ಲೂಕೋಸ್ ಡಿಕ್ಕಿಯಲ್ಲಿ ಇಡಬೇಡಿ, ತಂದೆಯವರ ಕೈಗೆ ಎಟುಕುವಂತಿರಲಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ ಒಯ್ಯಿರಿ. ಮಂಡಕ್ಕಿಗೆ ಇಲ್ಲೇ ಒಗ್ಗರಣೆ ಹಾಕಿ ಒಯ್ದರೆ ಮೆತ್ತಗಾಗುತ್ತದೆ. ಈರುಳ್ಳಿ, ಖಾರದ ಪುಡಿ ಬೇರೆಯಾಗಿಯೇ ಇರಲಿ. ನಾವು ಹೋದಾಗ ಜಬಲ್ಪುರದಾಚೆ ಕಟ್ನಿಯ ಬಳಿ ಲಾರಿ ಮಗುಚಿ ದಾರಿ ಕಟ್ಟಿದಾಗ ನಮ್ಮ ಚೀಲ ಪಕ್ಕದ ಕಾರಿನ ಮಕ್ಕಳಿಗೂ ಆಯಿತು.

ಇನ್ನೊಂದು, ಗಂಡಸರಿಗೆ ಹೊಳೆಯದ ಸಂಗತಿ. ಶೌಚಾಲಯ ಸಿಗುವುದಿಲ್ಲವೆಂದು ನಿಮ್ಮ ಅಮ್ಮ ನೀರೇ ಕುಡಿಯದೆ ಕೂರುತ್ತಾರೆ. ಒಳ್ಳೆಯ ಪೆಟ್ರೋಲ್ ಬಂಕ್ ಕಂಡಾಗಲೆಲ್ಲ ನಿಲ್ಲಿಸಿ. ಬೇಕೇ ಎಂದು ಕೇಳಬೇಡಿ, ಬೇಡ ಎಂದೇ ಹೇಳುತ್ತಾರೆ.

ರೈತರು, ಜಗಳೂರು:
ಮಧ್ಯಪ್ರದೇಶದ ಮಾತು ಆಮೇಲೆ, ಮೊದಲು ನಮ್ಮ ಊರುಗಳನ್ನು ದಾಟಿ! ಸುಗ್ಗಿಯ ದಿನಗಳಲ್ಲಿ ಹಳ್ಳಿ ರಸ್ತೆಯೇ ಕಣ. ಹುರುಳಿ ಹರಡಿದ್ದ ಕಡೆ ಹಾಯಿಸಿದರೆ ಬಳ್ಳಿ ಆಕ್ಸೆಲ್‌ಗೆ ಸುತ್ತಿಕೊಳ್ಳುತ್ತದೆ, ಬಿಸಿಗೆ ಹೊತ್ತಿಕೊಂಡು ಕಾರು ಸುಟ್ಟದ್ದೂ ಇದೆ. ಹರಡುವುದು ತಪ್ಪೇ, ನಾನೂ ರೈತ, ಒಪ್ಪುತ್ತೇನೆ. ಇಳಿದು ಸರಿಸಲು ಹೇಳಿ, ಸರಿಸುತ್ತಾರೆ. ದಾಟಿದ ಮೇಲೆ ಒಮ್ಮೆ ಬಗ್ಗಿ ಅಡಿಭಾಗ ನೋಡಿ.

ನಿವೃತ್ತ ಶಿಕ್ಷಕರು, ಹರಿಹರ:
2025ರ ಫೆಬ್ರವರಿಯಲ್ಲಿ ಮಹಾಕುಂಭಕ್ಕೆ ಹೊರಟ ಗಾಡಿಗಳನ್ನು ಪ್ರಯಾಗರಾಜ್ ಇನ್ನೂ ನೂರಾರು ಕಿಲೋಮೀಟರ್ ಇರುವಾಗಲೇ, ಕಟ್ನಿ, ಮೈಹರ್ ಬಳಿ ಪೊಲೀಸರು ತಡೆದದ್ದು ನೆನಪಿರಬಹುದು. ಈಗ ಅಷ್ಟು ಜನ ಸೇರುವುದಿಲ್ಲ, ಆದರೆ ಮಾಘ ಮೇಳ ಪ್ರತಿವರ್ಷವೂ ಇದೆ; ಪುಷ್ಯ ಹುಣ್ಣಿಮೆಯಿಂದ ಮಹಾಶಿವರಾತ್ರಿಯವರೆಗೆ. ಪಂಚಾಂಗ ನೋಡಿ, ಹುಣ್ಣಿಮೆಗೆ ಮೊದಲೇ ಪ್ರಯಾಗ ದಾಟಿ ಹಿಂದಿರುಗುವಂತೆ ಹೊರಡಿ.

ದಾರಿಯ ಕೋಣೆಗಳಿಗೆ ಮುಂಗಡ ಹಣ ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ಕೊಟ್ಟ ಹಣದ ಆಸೆಗೇ ಜನ ಕತ್ತಲಲ್ಲಿ ಗಾಡಿ ಓಡಿಸುತ್ತಾರೆ. ಕಾಶಿಯಲ್ಲಿ ಮಾತ್ರ ಮೊದಲೇ ವಿಚಾರಿಸಿ. ಅಲ್ಲಿನ ಜಂಗಮವಾಡಿ ಮಠದಲ್ಲಿ ನಮ್ಮ ಕಡೆಯವರು ತಂಗುವುದು ಹೊಸದೇನಲ್ಲ. ಮಠವಿರುವ ಗೊದೌಲಿಯಾ ಸುತ್ತಲಿನ ಗಲ್ಲಿಗಳಿಗೆ ಕಾರು ಹೋಗದು, ದೂರದಲ್ಲೇ ನಿಲ್ಲಿಸಿ ರಿಕ್ಷಾ ಹಿಡಿಯಿರಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಕರೆ ಮಾಡಿ.

ಕೇಳಿದವರು:
ಮೂರು ದಿನವನ್ನು ಐದು ಮಾಡಿದೆ. ಅಣ್ಣ, ನಡುದಾರಿಯಲ್ಲೇ ಮಂಜು ಕವಿದರೆ?

ಲಾರಿ ಓಡಿಸುವವರು, ಚಳ್ಳಕೆರೆ:
ಹೈ ಬೀಮ್ ಹಾಕಬೇಡಿ, ಮಂಜಿಗೆ ಬಡಿದ ಬೆಳಕು ನಿಮ್ಮ ಕಣ್ಣಿಗೇ ತಿರುಗುತ್ತದೆ. ಲೋ ಬೀಮ್‌ನಲ್ಲಿ ನಿಧಾನವಾಗಿ ಸಾಗಿ, ಮೊದಲು ಸಿಗುವ ಢಾಬಾ ಅಥವಾ ಬಂಕಿನ ಒಳಕ್ಕೆ ಗಾಡಿ ತಿರುಗಿಸಿ. ರಸ್ತೆಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ, ಹಿಂದೆ ಬರುವವನಿಗೂ ಏನೂ ಕಾಣುವುದಿಲ್ಲ.